ಗಲ್ಫ್ ದೇಶಗಳ ಸ್ವಂತ ಪ್ರಜೆಗಳು: ವಯಸ್ಸು, ಗಂಡು-ಹೆಣ್ಣು ಲೆಕ್ಕವನ್ನು ನಾನು ಕಟ್ಟಿದ ಬಗೆ

ಮಸ್ಕತ್‌ನಲ್ಲಿ ಕೂತು ಆಸ್ಪತ್ರೆಗಳಿಗೆ ಬೇಕಾದ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಎಷ್ಟು ಹೆರಿಗೆ ಹಾಸಿಗೆ ಬೇಕು, ಎಷ್ಟು ಡಯಾಲಿಸಿಸ್ ಯಂತ್ರ ಬೇಕು, ಹತ್ತು ವರ್ಷದ ನಂತರ ಅದು ಎಷ್ಟಾಗಬಹುದು, ಇಂಥ ಪ್ರಶ್ನೆಗಳು. ಒಮಾನ್ ಜೊತೆಗೆ ಸೌದಿ, ಯುಎಇ, ಕತಾರ್, ಬಹ್ರೇನ್, ಕುವೈತ್ ಇವುಗಳ ಲೆಕ್ಕವನ್ನೂ ಒಂದೇ ಅಳತೆಯಲ್ಲಿ ಮಾಡಬೇಕಾಗಿ ಬಂತು. ಇಲ್ಲೆಲ್ಲ ಸರ್ಕಾರಿ ಆಸ್ಪತ್ರೆ ಮುಖ್ಯವಾಗಿ ದೇಶದ ಪ್ರಜೆಗಳಿಗೆ. ನಮ್ಮಂಥ ಹೊರಗಿನವರು ಹೆಚ್ಚಾಗಿ ವಿಮೆ, ಖಾಸಗಿ ಕ್ಲಿನಿಕ್ ನಂಬಿಕೊಂಡವರು. ಹಾಗಾಗಿ ನನಗೆ ಬೇಕಾಗಿದ್ದು ಪ್ರಜೆಗಳದ್ದಷ್ಟೇ ಲೆಕ್ಕ. ಯಾವ ವಯಸ್ಸಿನವರು ಎಷ್ಟು, ಅದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು.

ಒಟ್ಟು ಜನಸಂಖ್ಯೆಯ ಪಿರಮಿಡ್ ಇಟ್ಟುಕೊಂಡು ಈ ಕೆಲಸ ಮಾಡಲು ಆಗುವುದೇ ಇಲ್ಲ. ಪಿರಮಿಡ್ ಅಂದರೆ ಚಿಕ್ಕ ವಯಸ್ಸಿನವರು ಕೆಳಗೆ, ದೊಡ್ಡವರು ಮೇಲೆ, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು ಅಂತ ಗುಂಪುಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸುವ ಚಿತ್ರ. ಸೌದಿಯನ್ನೇ ನೋಡಿ. 2022ರ ಜನಗಣತಿಯಲ್ಲಿ ಒಟ್ಟು ಜನ ಸುಮಾರು 3.22 ಕೋಟಿ, ಅದರಲ್ಲಿ 61 ಶೇಕಡಾ ಗಂಡಸರು. ಇದನ್ನಷ್ಟೇ ಓದಿದವರಿಗೆ ಆ ಸಮಾಜದಲ್ಲಿ ಏನೋ ಭಾರೀ ಎಡವಟ್ಟಾಗಿದೆ ಅನ್ನಿಸುತ್ತದೆ. ಸೌದಿ ಪ್ರಜೆಗಳನ್ನು ಬೇರೆ ಮಾಡಿ ನೋಡಿದರೆ ಅವರು ಸುಮಾರು 1.88 ಕೋಟಿ. ಅಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸರಿಸಮ. 63 ಶೇಕಡಾ ಜನ 30 ದಾಟದವರು. ಎರಡು ಚಿತ್ರ ಒಂದೇ ದೇಶದ್ದು ಅಂತ ಹೇಳಿದರೆ ನಂಬುವುದು ಕಷ್ಟ.

ಒಟ್ಟು ಪಿರಮಿಡ್‌ನಲ್ಲಿ ಗಂಡಸರ ಕಡೆ 25ರಿಂದ 45ರ ನಡುವೆ ಒಂದು ದೊಡ್ಡ ಉಬ್ಬು ಕಾಣುತ್ತದೆ. ಅದು ಕೆಲಸಕ್ಕೆ ಬಂದವರದ್ದು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಮಂಗಳೂರು, ಉಡುಪಿ, ಭಟ್ಕಳದವರೂ ಆ ಉಬ್ಬಿನಲ್ಲೇ ಇದ್ದೇವೆ. ಕತಾರ್‌ನಲ್ಲಂತೂ ಒಟ್ಟು ಜನರಲ್ಲಿ ನಾಲ್ವರಿಗೆ ಸುಮಾರು ಮೂವರು ಗಂಡಸರು. ಈ ಉಬ್ಬಿನ ಕೆಳಗೆ ಅಲ್ಲಿನ ಪ್ರಜೆಗಳ ಮಕ್ಕಳೂ ಮುದುಕರೂ ಮುಚ್ಚಿಹೋಗುತ್ತಾರೆ. ಒಟ್ಟು ಲೆಕ್ಕದಲ್ಲಿ 65 ದಾಟಿದವರು ತೀರಾ ಕಡಿಮೆ ಅಂತ ಕಾಣುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಅಂತ ಸರ್ಕಾರಿ ಆಸ್ಪತ್ರೆಗೆ ಬರುವವರು ಮಾತ್ರ ಅವರೇ.

ಕೆಲಸ ಶುರು ಮಾಡುವ ಮೊದಲು ಒಂದು ಸಣ್ಣ ವಿಷಯ ಸರಿಮಾಡಿಕೊಳ್ಳಬೇಕು. ನಮ್ಮಲ್ಲಿ ಲಿಂಗಾನುಪಾತ ಅಂದರೆ 1000 ಗಂಡಸರಿಗೆ ಎಷ್ಟು ಹೆಂಗಸರು ಅಂತ. ಕರ್ನಾಟಕಕ್ಕೆ 2011ರಲ್ಲಿ ಅದು 973. ಇಲ್ಲಿನ ಪಟ್ಟಿಗಳಲ್ಲಿ ಅದು ತಿರುಗುಮುರುಗು, 100 ಹೆಂಗಸರಿಗೆ ಎಷ್ಟು ಗಂಡಸರು ಅಂತ. ನಮ್ಮ 973 ಅಲ್ಲಿ ಸುಮಾರು 103 ಆಗುತ್ತದೆ. ಯುಎಇ ಪ್ರಜೆಗಳಲ್ಲಿ 2010ರಲ್ಲಿ 4,79,109 ಗಂಡಸರು, 4,68,888 ಹೆಂಗಸರು. ಅಂದರೆ ಸುಮಾರು 102. ಊರಿನ ಅಂಕಿ ಜೊತೆ ಹೋಲಿಸಿ ನೋಡಿದಾಗ ಅಸಹಜ ಏನೂ ಇಲ್ಲ ಅಂತ ನನಗೆ ಧೈರ್ಯ ಬಂತು.

ಅಂಕಿ ಸಿಗುವುದು ಎಲ್ಲ ದೇಶದಲ್ಲೂ ಒಂದೇ ಥರ ಅಲ್ಲ. ಬಹ್ರೇನ್ ನನಗೆ ಬಹಳ ಇಷ್ಟ. ಗಲ್ಫ್‌ನಲ್ಲಿ ಮೊದಲ ಜನಗಣತಿ ನಡೆದದ್ದೇ ಅಲ್ಲಿ, 1941ರಲ್ಲಿ. ಪ್ರಜೆಗಳು, ಹೊರಗಿನವರು ಅಂತ ಬೇರೆ ಬೇರೆ ಪಟ್ಟಿ ಸುಲಭವಾಗಿ ಸಿಗುತ್ತದೆ. 2010ರಲ್ಲಿ ಬಹ್ರೇನಿಗಳು 5,68,399, 2020ರಲ್ಲಿ 7,12,362. ಕುವೈತ್‌ನಲ್ಲಿ ಜನಗಣತಿಗಿಂತ ಅವರ ಸಿವಿಲ್ ಐಡಿ ಪ್ರಾಧಿಕಾರದ ದಾಖಲೆ ಒಳ್ಳೆಯದು. ಅಲ್ಲಿ ಪ್ರತಿಯೊಬ್ಬರಿಗೂ 12 ಅಂಕಿಯ ಸಿವಿಲ್ ನಂಬರ್. ಮೊದಲ ಅಂಕಿ ಶತಮಾನದ್ದು, ಮುಂದಿನ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ವಯಸ್ಸು ನಂಬರಿನ ಒಳಗೇ ಕೂತಿರುವುದರಿಂದ ಪಟ್ಟಿ ಅಚ್ಚುಕಟ್ಟು. ಸೌದಿಯದ್ದು 2022ರ ಗಣತಿ ಇದೆ. ಕಷ್ಟ ಕೊಡುವುದು ಯುಎಇ ಮತ್ತು ಕತಾರ್. ಅದಕ್ಕೆ ಆಮೇಲೆ ಬರುತ್ತೇನೆ.

ಅಂಕಿ ಇಳಿಸಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಗುಂಪುಗಳನ್ನು ಒಂದೇ ಮಾಡಿದ್ದು. ಒಂದು ದೇಶ 80 ದಾಟಿದವರನ್ನು ಒಟ್ಟಿಗೆ ಹಾಕುತ್ತದೆ, ಇನ್ನೊಂದು 65ಕ್ಕೇ ನಿಲ್ಲಿಸುತ್ತದೆ. ನಾನು ಐದೈದು ವರ್ಷದ ಗುಂಪು ಇಟ್ಟುಕೊಂಡು ಕೊನೆಯ ಗುಂಪನ್ನು 65 ಮತ್ತು ಅದಕ್ಕೆ ಮೇಲ್ಪಟ್ಟವರು ಅಂತ ಒಂದೇ ಮಾಡಿದೆ. ವಯಸ್ಸಾದವರ ವಿವರ ಬೇಕಾದಾಗ, ಅದು ಸಿಗುವ ದೇಶಗಳಿಗೆ ಮಾತ್ರ ಬೇರೆ ಪಟ್ಟಿ ಮಾಡಿದೆ. ಆಮೇಲೆ ತಲೆಗಳ ಸಂಖ್ಯೆ ಬಿಟ್ಟು ಶೇಕಡಾವಾರು ಹಾಕಿದೆ. ಸೌದಿ ಪ್ರಜೆಗಳು ಬಹ್ರೇನಿಗಳ 26 ಪಟ್ಟು ಇದ್ದಾರೆ. ಸಂಖ್ಯೆಯಲ್ಲೇ ಗೀಚಿದರೆ ಬಹ್ರೇನ್ ಒಂದು ಗೆರೆಯಷ್ಟೇ ಕಾಣುತ್ತದೆ.

ಮುಂದೆ ಪರೀಕ್ಷೆ. ಎಲ್ಲಕ್ಕಿಂತ ಜಾಸ್ತಿ ಸಮಯ ತೆಗೆದುಕೊಂಡದ್ದು ಇದೇ, ಮತ್ತು ಇದನ್ನು ಬಿಟ್ಟರೆ ಉಳಿದದ್ದಕ್ಕೆ ಬೆಲೆಯೇ ಇಲ್ಲ ಅಂತ ನನ್ನ ಅಭಿಪ್ರಾಯ. ಮೊದಲು 0-4ರ ಗುಂಪು ನೋಡುತ್ತೇನೆ. ಸಾಮಾನ್ಯವಾಗಿ 100 ಹೆಣ್ಣು ಮಗುವಿಗೆ ಸುಮಾರು 105 ಗಂಡು ಮಗು ಹುಟ್ಟುತ್ತವೆ. ಅದರ ಹತ್ತಿರ ಇದ್ದರೆ ಸರಿ. ಆಮೇಲೆ ಒಂದೇ ಗುಂಪನ್ನು ಹಿಡಿದು ಮುಂದೆ ಸಾಗುತ್ತೇನೆ. 2010ರಲ್ಲಿ 10-14 ಇದ್ದವರು 2020ರಲ್ಲಿ 20-24 ಆಗಿರಬೇಕು. ಆ ವಯಸ್ಸಿನಲ್ಲಿ ಸಾವು ಕಡಿಮೆ. ಹಾಗಾಗಿ ಸಂಖ್ಯೆ ತುಸು ಇಳಿದಿರಬಹುದು, ಏರುವ ಹಾಗಿಲ್ಲ. ಏರಿದ್ದರೆ ಯಾರಿಗೋ ಹೊಸದಾಗಿ ಪೌರತ್ವ ಸಿಕ್ಕಿದೆ, ಇಲ್ಲವೇ ಎಣಿಸುವ ಬಗೆ ಬದಲಾಗಿದೆ. ಒಮಾನಿಗಳು 2010ರಲ್ಲಿ 19,57,336 ಇದ್ದವರು 2020ರಲ್ಲಿ 27,31,456 ಆದರು. 2010ರದ್ದು ಮನೆ ಮನೆಗೆ ಹೋಗಿ ಎಣಿಸಿದ್ದು, 2020ರದ್ದು ಸರ್ಕಾರಿ ದಾಖಲೆಗಳನ್ನು ಜೋಡಿಸಿ ಎಣಿಸಿದ್ದು. ಹಾಗಿರುವಾಗ ಈ ಏರಿಕೆ ಪೂರ್ತಿ ಹೆರಿಗೆಯಿಂದಲೇ ಬಂದದ್ದು ಅಂತ ಬರೆಯಲು ನಾನು ಒಪ್ಪುವುದಿಲ್ಲ.

ವಯಸ್ಸಾದವರ ಗುಂಪಿಗೆ ಬೇರೆಯೇ ಪರೀಕ್ಷೆ ಬೇಕು. 1970ಕ್ಕೆ ಮೊದಲು ಒಮಾನ್‌ನಲ್ಲಿ ಆಸ್ಪತ್ರೆಗಳೇ ಬಹಳ ಕಡಿಮೆ, ಹುಟ್ಟಿದ ದಿನ ಬರೆದಿಡುವ ಪದ್ಧತಿಯಂತೂ ದೂರದ ಮಾತು. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಒಮಾನಿ ಹುಡುಗಿಯನ್ನು ಒಮ್ಮೆ ಕೇಳಿದೆ, "ನಿಮ್ಮ ತಂದೆಯವರ ವಯಸ್ಸೆಷ್ಟು?" "ಕಾರ್ಡಿನಲ್ಲಿ ಇರುವುದನ್ನು ಹೇಳಲೋ, ಅಜ್ಜಿ ಹೇಳಿದ್ದನ್ನು ಹೇಳಲೋ?" ಅಂದಳು. ಅಜ್ಜಿಯ ಲೆಕ್ಕದಲ್ಲಿ ಅವರು ಹುಟ್ಟಿದ್ದು ವಾದಿಯಲ್ಲಿ (ಮಳೆ ಬಂದಾಗ ಮಾತ್ರ ಹರಿಯುವ ಹಳ್ಳದಲ್ಲಿ) ನೀರು ಉಕ್ಕಿ ಖರ್ಜೂರದ ತೋಟ ಕೊಚ್ಚಿಹೋದ ವರ್ಷ. ಸೌದಿಯಲ್ಲಿ ಹಿರಿಯರ ಗುರುತಿನ ಚೀಟಿ ನೋಡಿದರೆ ಎಷ್ಟೋ ಜನರ ಹುಟ್ಟಿದ ದಿನ ರಜಬ್ ತಿಂಗಳ 1. ದಿನ ಗೊತ್ತಿಲ್ಲದವರಿಗೆ ಹಿಜರಿ, ಅಂದರೆ ಚಂದ್ರನ ಲೆಕ್ಕದ ಇಸ್ಲಾಮಿ ಕ್ಯಾಲೆಂಡರ್‌ನ ವರ್ಷದ ನಡುವಿನ ಆ ದಿನ ಹಾಕಿದ್ದಾರೆ. ಮೇಲಾಗಿ ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು. ಹಿಜರಿಯಲ್ಲಿ 60 ತುಂಬಿದವರಿಗೆ ನಮ್ಮ ಕ್ಯಾಲೆಂಡರ್‌ನಲ್ಲಿ 58 ದಾಟಿದೆ ಅಷ್ಟೇ. ಆಸ್ಪತ್ರೆಯ ಹಳೆಯ ದಾಖಲೆ ಒಂದು ಕ್ಯಾಲೆಂಡರ್‌ನಲ್ಲಿ, ಜನಗಣತಿ ಇನ್ನೊಂದರಲ್ಲಿ ಇದ್ದರೆ ಒಂದು ಪೂರ್ತಿ ಗುಂಪೇ ಆಚೀಚೆ ಆಗಬಹುದು.

ಜನ ವಯಸ್ಸನ್ನು 50, 55, 60 ಅಂತ ಗುಂಡಾಗಿ ಹೇಳಿದ್ದಾರೆಯೇ ಅಂತ ತಿಳಿಯಲು ವಿಪ್ಪಲ್ ಸೂಚ್ಯಂಕ ಇದೆ. ಸುಲಭದ ಲೆಕ್ಕ. 23ರಿಂದ 62ರವರೆಗಿನ ಎಲ್ಲರನ್ನೂ ಕೂಡಿಸಿ. ಅದರಲ್ಲಿ 0 ಮತ್ತು 5ರಲ್ಲಿ ಮುಗಿಯುವ ವಯಸ್ಸಿನವರನ್ನು ಬೇರೆ ಕೂಡಿಸಿ 5ರಿಂದ ಗುಣಿಸಿ, ಒಟ್ಟಿನಿಂದ ಭಾಗಿಸಿ, 100ರಿಂದ ಗುಣಿಸಿ. 100 ಬಂದರೆ ವಯಸ್ಸು ಸರಿಯಾಗಿ ದಾಖಲಾಗಿದೆ. 500 ಬಂದರೆ ಎಲ್ಲರೂ ಗುಂಡು ವಯಸ್ಸನ್ನೇ ಹೇಳಿದ್ದಾರೆ. ಇದಕ್ಕೆ ಒಂದೊಂದು ವರ್ಷದ ಪಟ್ಟಿಯೇ ಬೇಕು, ಐದು ವರ್ಷದ ಗುಂಪು ಸಾಲದು.

ಇಷ್ಟೆಲ್ಲ ಆದ ಮೇಲೆ ಒಮಾನಿಗಳ ಪಿರಮಿಡ್ ಗೀಚಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಮಧ್ಯದಲ್ಲಿ ಒಂದು ಸೊಂಟ ಇದೆ! 1980ರ ದಶಕದಲ್ಲಿ ಒಮಾನ್‌ನಲ್ಲಿ ಒಬ್ಬ ತಾಯಿಗೆ ಸರಾಸರಿ ಎಂಟರಷ್ಟು ಮಕ್ಕಳು. 1993ರ ಜನಗಣತಿಯಲ್ಲಿ ಒಮಾನಿಗಳಲ್ಲಿ ಅರ್ಧದಷ್ಟು ಜನ 15ರ ಒಳಗಿನವರು. 1994ರಲ್ಲಿ ಸರ್ಕಾರ ಹೆರಿಗೆಗಳ ನಡುವೆ ಅಂತರ ಇಡುವ ಕಾರ್ಯಕ್ರಮ ತಂದಿತು. ಹುಡುಗಿಯರು ಶಾಲೆ, ಕಾಲೇಜು ಅಂತ ಓದತೊಡಗಿದರು, ಮದುವೆಯ ವಯಸ್ಸು ಮುಂದಕ್ಕೆ ಹೋಯಿತು. ಹೆರಿಗೆಗಳು ಸರ್ರನೆ ಇಳಿದವು. ಆ ವರ್ಷಗಳಲ್ಲಿ ಹುಟ್ಟಿದವರ ಗುಂಪು ಸಣ್ಣದು, ಅದೇ ಸೊಂಟ. ಅದರ ಕೆಳಗೆ ಪಿರಮಿಡ್ ಮತ್ತೆ ಅಗಲವಾಗುತ್ತದೆ. 80ರ ದಶಕದಲ್ಲಿ ಹುಟ್ಟಿದ ಆ ದೊಡ್ಡ ಗುಂಪಿನ ಹೆಣ್ಣುಮಕ್ಕಳೇ 2005ರ ಆಚೆಗೆ ತಾಯಂದಿರಾದರು. ತಾಯಂದಿರೇ ಜಾಸ್ತಿ ಇದ್ದಾಗ ಮಕ್ಕಳೂ ಜಾಸ್ತಿ ತಾನೇ?

ನನ್ನ ವರದಿಯ ತಿರುಳು ಇದೇ ಆಯಿತು. ಹೆರಿಗೆ ವಾರ್ಡ್‌ಗಳಲ್ಲಿ ವರ್ಷದಿಂದ ವರ್ಷಕ್ಕೆ ಗದ್ದಲ ಏರಿದ್ದನ್ನು ಕಂಡವರು ಅದೇ ಗೆರೆಯನ್ನು ಮುಂದಕ್ಕೆ ಎಳೆದು ಇನ್ನಷ್ಟು ಹಾಸಿಗೆ ಕೇಳುತ್ತಿದ್ದರು. ಈಗ ತಾಯಂದಿರಾಗುವ ವಯಸ್ಸಿಗೆ ಬರುತ್ತಿರುವುದು ಸೊಂಟದ ಗುಂಪು. ಪ್ರತಿ ತಾಯಿಯೂ ಮೊದಲಿನಷ್ಟೇ ಮಕ್ಕಳನ್ನು ಹೆತ್ತರೂ ಒಟ್ಟು ಹೆರಿಗೆ ಇಳಿಯಬೇಕು. ಅದೇ ಹೊತ್ತಿಗೆ 80ರ ದಶಕದ ಗುಂಪು 40ರ ಸುತ್ತಮುತ್ತ ಇದೆ, ಸಕ್ಕರೆ ಕಾಯಿಲೆ ಶುರುವಾಗುವ ವಯಸ್ಸು. ಹಣ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ? ಈ ಮಾತನ್ನು ನಾನು ಸಭೆಯಲ್ಲಿ ಬಹಳ ಒತ್ತಿ ಹೇಳಿದೆ. ಕೆಲವರಿಗೆ ಹಿಡಿಸಲಿಲ್ಲ, ಆದರೂ ಚಿತ್ರ ಮುಂದಿಟ್ಟ ಮೇಲೆ ವಾದ ಕಡಿಮೆಯಾಯಿತು.

ಕುವೈತ್‌ನಲ್ಲಿ ಕಣ್ಣಿಗೆ ಬಿದ್ದದ್ದು ಹೆಂಗಸರ ಕಡೆ. ಕುವೈತಿ ಪ್ರಜೆಗಳಲ್ಲಿ ಹೆಂಗಸರು ಗಂಡಸರಿಗಿಂತ ತುಸು ಹೆಚ್ಚು, ಸುಮಾರು 51 ಶೇಕಡಾ. ಹೆಂಗಸರ ಆಯಸ್ಸು ಹೆಚ್ಚು ಅನ್ನುವುದು ಒಂದು ಕಾರಣ. ಇನ್ನೊಂದು ಕಾನೂನಿನದ್ದು. 1959ರ ಪೌರತ್ವ ಕಾಯ್ದೆಯ 8ನೇ ಕಲಮಿನಡಿ ಕುವೈತಿ ಗಂಡಸನ್ನು ಮದುವೆಯಾದ ಹೊರಗಿನ ಹೆಣ್ಣಿಗೆ ಕೆಲವು ವರ್ಷಗಳ ನಂತರ ಪೌರತ್ವ ಸಿಗುತ್ತಿತ್ತು. ಕುವೈತಿ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಮಾತ್ರ ಗಂಡನಿಗೂ ಇಲ್ಲ, ಸಾಮಾನ್ಯವಾಗಿ ಮಕ್ಕಳಿಗೂ ಇಲ್ಲ. ಪೌರತ್ವ ತಂದೆಯ ಕಡೆಯಿಂದ ಬರುವುದು ಈ ಭಾಗದ ಎಲ್ಲ ದೇಶಗಳ ನಿಯಮ. ಹಾಗಾಗಿ ಇಲ್ಲಿನ ಪ್ರಜೆಗಳ ಲೆಕ್ಕವನ್ನು ಹುಟ್ಟು ಸಾವಷ್ಟೇ ತೀರ್ಮಾನಿಸುವುದಿಲ್ಲ, ಯಾರನ್ನು ಪ್ರಜೆ ಅನ್ನಬೇಕು ಅನ್ನುವ ಕಾನೂನೂ ತೀರ್ಮಾನಿಸುತ್ತದೆ.

2024ರಿಂದ ಕುವೈತ್ ಹೀಗೆ ಮದುವೆಯಿಂದ ಪೌರತ್ವ ಪಡೆದ ಸಾವಿರಾರು ಹೆಂಗಸರ ಪೌರತ್ವ ರದ್ದು ಮಾಡಿದೆ. ಮಕ್ಕಳು ತಂದೆಯ ಕಡೆಯಿಂದ ಕುವೈತಿಗಳಾಗಿಯೇ ಉಳಿದಿದ್ದಾರೆ. ನನ್ನ ಪಟ್ಟಿಯಲ್ಲಿ ತಾಯಿ ಒಂದು ಕಂಬದಿಂದ ಇಳಿದುಹೋಗುತ್ತಾಳೆ, ಮಗು ಇನ್ನೊಂದರಲ್ಲಿ ಇರುತ್ತದೆ. ದಶಕಗಳಿಂದ ಅಲ್ಲೇ ಸಂಸಾರ ಮಾಡಿದ ಆ ಹೆಂಗಸರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಲೆಕ್ಕದ ದೃಷ್ಟಿಯಿಂದ ಹೇಳುವುದಾದರೆ, 2024ರ ಹಿಂದಿನ ಮತ್ತು ಮುಂದಿನ ಕುವೈತಿ ಅಂಕಿಗಳನ್ನು ಸುಮ್ನೆ ಒಂದೇ ಗೆರೆಯಲ್ಲಿ ಜೋಡಿಸಬೇಡಿ. ಯಾವ ತಿಂಗಳ ಅಂಕಿ ಅಂತ ಪಕ್ಕದಲ್ಲಿ ಬರೆಯಿರಿ. ಜೊತೆಗೆ ಯಾವ ದೇಶದ್ದೂ ಅಲ್ಲದ ಬಿದೂನ್ ಜನ ಅಲ್ಲಿದ್ದಾರೆ. ಅವರು ಪ್ರಜೆಗಳ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನೂ ನಾನು ವರದಿಯಲ್ಲಿ ಒಂದು ಸಾಲಾಗಿ ಸೇರಿಸಿದೆ.

ಯುಎಇ, ಕತಾರ್‌ಗೆ ಬರೋಣ. ಯುಎಇ ಇಡೀ ದೇಶದ ಪ್ರಜೆಗಳ ಲೆಕ್ಕ ಕೊಟ್ಟದ್ದು 2005ರ ಜನಗಣತಿಯಲ್ಲಿ, 8,25,495 ಅಂತ. ಆಮೇಲೆ 2010ರ ಅಂದಾಜು, 9,47,997. ಅಲ್ಲಿಂದ ಮುಂದಕ್ಕೆ ನಾನೇ ನಡೆಸಿಕೊಂಡು ಬರಬೇಕಾಯಿತು. 2010ರ ಪ್ರತಿ ಗುಂಪನ್ನೂ ಐದೈದು ವರ್ಷ ಮುಂದೆ ತಳ್ಳುವುದು, ಆ ವಯಸ್ಸಿಗೆ ತಕ್ಕ ಸಾವು ಕಳೆಯುವುದು, ಕೆಳಗೆ ಪ್ರಜೆಗಳ ಹೆರಿಗೆ ಸೇರಿಸಿ ಗಂಡು ಹೆಣ್ಣು 105-100ರಂತೆ ಹಂಚುವುದು. ಕತಾರ್‌ನಲ್ಲಿ ದಾರಿ ಬೇರೆ. ಅಲ್ಲಿ ಹುಟ್ಟು ಸಾವಿನ ಲೆಕ್ಕ ಕತಾರಿಗಳು, ಹೊರಗಿನವರು ಅಂತ ಬೇರೆಯಾಗಿ ಸಿಗುತ್ತದೆ. ಹಿಂದಿನ ವರ್ಷಗಳ ಹೆರಿಗೆ ಕೂಡಿಸಿದರೆ ಮಕ್ಕಳ ಗುಂಪು ಸಿಕ್ಕಿತು. ದೊಡ್ಡವರಿಗೆ ಉದ್ಯೋಗ ಸಮೀಕ್ಷೆ ಹಿಡಿದೆ, ಅದರಲ್ಲಿ 15 ದಾಟಿದ ಕತಾರಿಗಳ ಲೆಕ್ಕ ಬರುತ್ತದೆ.

ಈ ಎರಡು ದೇಶಗಳ ಪಿರಮಿಡ್‌ಗೆ ನಾನು ತುಂಬು ಬಣ್ಣ ಹಾಕಲಿಲ್ಲ, ಚುಕ್ಕೆ ಗೆರೆಯಲ್ಲಿ ಬಿಟ್ಟೆ. ಒಂದೇ ಸಂಖ್ಯೆ ಕೊಡುವ ಬದಲು ಇಷ್ಟರಿಂದ ಇಷ್ಟರವರೆಗೆ ಅಂತ ಬರೆದೆ. ಆರೂ ಚಿತ್ರ ಒಂದೇ ಥರ ಚೆಂದ ಕಾಣಲಿ ಅಂತ ಒತ್ತಾಯ ಬಂತು. ಎಣಿಸಿದ್ದು ಯಾವುದು, ಅಂದಾಜು ಯಾವುದು ಅಂತ ನೋಡಿದ ತಕ್ಷಣ ಗೊತ್ತಾಗಬೇಕು ಅಂತ ಹೇಳಿ ಚುಕ್ಕೆ ಗೆರೆಯನ್ನೇ ಉಳಿಸಿಕೊಂಡೆ.