ಹಾಸ್ಟೆಲ್‌ಗೆ ಹೊಸದಾಗಿ ಸೇರ್ತಿದೀರಾ? ಮೊದಲು ಬಾಗಿಲು ನೋಡ್ಕೊಳ್ಳಿ

ಯೂನಿವರ್ಸಿಟಿ ಹಾಸ್ಟೆಲ್ ಸೇರೋರು ಎಲ್ರೂ ಮೊದ್ಲು ಕೇಳೋದು ಸೆಕ್ಯುರಿಟಿ ಇದಾರಾ, ಸಿಸಿಟಿವಿ ಇದೆಯಾ ಅಂತ. ಕೇಳ್ಲೇಬೇಕು, ತಪ್ಪಿಲ್ಲ. ಆದ್ರೆ ಕ್ಯಾಮೆರಾ ಜಾಸ್ತಿ ಕೆಲ್ಸಕ್ಕೆ ಬರೋದು ಎಲ್ಲಾ ಆದ್ಮೇಲೆ, ಅದಕ್ಕೆ ಮುಂಚೆ ತಡೆಯೋಕೆ ಇರೋದು ಬಾಗಿಲೊಂದೇ, ಮತ್ತೆ ಆ ಬಾಗಿಲು ದಿನಾ ನಮ್ಮ ಕೈಲೇ ಇರುತ್ತೆ.

ನಾನಿದ್ದ ಹಾಸ್ಟೆಲಲ್ಲಿ ಹಿಂದಿನ ಬಾಗಿಲಿಗೆ ಯಾರೋ ಒಂದು ಹಳೇ ಚಪ್ಪಲಿ ಸಿಗಿಸಿ ಇಡ್ತಿದ್ರು, ಬಾಗಿಲು ತೆಗೆಯೋ ಕಾರ್ಡ್ ಮರೆತು ಹೋದ್ರೆ ಆರಾಮಾಗಿ ಒಳಗೆ ಬರ್ಬೋದು ಅಂತ. ನಾವೆಲ್ಲಾ ಆ ಚಪ್ಪಲಿ ದಾಟ್ಕೊಂಡೇ ಓಡಾಡ್ತಿದ್ವಿ, ಒಬ್ರೂ ತೆಗೀಲಿಲ್ಲ. ಪರೀಕ್ಷೆ ಟೈಮಲ್ಲಿ ಒಂದೇ ರಾತ್ರಿ ನಮ್ ಫ್ಲೋರಲ್ಲಿ ಎರಡು ಲ್ಯಾಪ್‌ಟಾಪ್ ಹೋಯ್ತು, ಎರಡೂ ರೂಮಿಗೆ ಬೀಗ ಹಾಕಿರ್ಲಿಲ್ಲ, ಹುಡುಗ್ರು ಸ್ನಾನಕ್ಕೆ ಹೋಗಿದ್ರು ಅಷ್ಟೇ.

ಲ್ಯಾಪ್‌ಟಾಪ್ ಹೋದ್ರೆ ಇನ್ನೊಂದು ತಗೋಬೋದು. 1986ರ ಏಪ್ರಿಲಲ್ಲಿ ಅಮೆರಿಕದ ಲೀಹೈ ಯೂನಿವರ್ಸಿಟಿಲಿ ಜೀನ್ ಕ್ಲೆರಿ ಅನ್ನೋ 19 ವರ್ಷದ ಹುಡುಗೀನ ಅವಳ ಹಾಸ್ಟೆಲ್ ರೂಮಲ್ಲೇ ಕೊಂದ್ರು. ಕೊಂದೋನು ಅಲ್ಲೇ ಓದ್ತಿದ್ದ ಸ್ಟೂಡೆಂಟ್. ತಾನಾಗೇ ಲಾಕ್ ಆಗ್ಬೇಕಿದ್ದ ಮೂರು ಬಾಗಿಲು ಮುಚ್ಚದಂಗೆ ಅಡ್ಡ ಇಟ್ಟಿದ್ರು, ಅವನು ಅಲ್ಲಿಂದ್ಲೇ ಒಳಗೆ ಬಂದಿದ್ದು. ಅವಳ ಅಪ್ಪ ಅಮ್ಮ ಹೋರಾಡಿದ್ರಿಂದ 1990ರಲ್ಲಿ ಅಲ್ಲಿ ಕಾನೂನೇ ಬಂತು, ಕಾಲೇಜುಗಳು ಕ್ಯಾಂಪಸ್ ಅಪರಾಧದ ಲೆಕ್ಕಾನ ಪ್ರತಿವರ್ಷ ವರದಿ ಮಾಡಿ ಎಲ್ರಿಗೂ ತೋರಿಸ್ಬೇಕು ಅಂತ. ಅಲ್ಲಿಗೆ ಓದೋಕೆ ಹೋಗೋರಿದ್ರೆ ಆ ವರದಿ ಸೇರೋ ಮುಂಚೆನೇ ತೆಗೆದು ಓದಿ, ಹಿಂದಿನ ಮೂರು ವರ್ಷದ ಅಂಕಿ ಅದ್ರಲ್ಲಿರುತ್ತೆ.

ಹಂಗಾಗಿ ಮೊದಲನೇ ಕೆಲ್ಸ, ಬಾಗಿಲಿಗೆ ಏನಾದ್ರೂ ಸಿಗಿಸಿದ್ದು ಕಂಡ್ರೆ ತೆಗೆದುಬಿಡಿ, ಯಾರು ಇಟ್ರು ಅಂತ ಕೇಳ್ತಾ ಕೂರ್ಬೇಡಿ. ಎಳೆದು ಮುಚ್ಚಿ, ಲಾಕ್ ಕ್ಲಿಕ್ ಅಂದಿದ್ದು ಕಿವಿಗೆ ಬಿದ್ಮೇಲೆ ಮುಂದೆ ಹೋಗಿ. ಕ್ಲಿಕ್ ಅನ್ನದೇ ಇದ್ರೆ ಅವತ್ತೇ ವಾರ್ಡನ್‌ಗೆ ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಮರೆತೋಗುತ್ತೆ. ಹಿಂದೆ ಯಾರೋ ಗೊತ್ತಿಲ್ದೋರು ಒಳಗೆ ಬರ್ತಿದ್ರೆ ಬಾಗಿಲು ಹಿಡ್ಕೊಂಡು ನಿಲ್ಬೇಡಿ, "ನಿಮ್ ಕಾರ್ಡ್ ಟ್ಯಾಪ್ ಮಾಡಿ ಬನ್ನಿ" ಅಂತ ನಗುನಗ್ತಾ ಹೇಳಿ, ಇಲ್ಲಿರೋರಾದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಹೇಳೋಕೆ ಭಯ ಆದ್ರೆ ಜಗಳಕ್ಕೆ ಹೋಗ್ಬೇಡಿ, ಸೆಕ್ಯುರಿಟಿಗೆ ಫೋನ್ ಮಾಡಿ. ಕಾರ್ಡೋ ಕೀನೋ ಕಳೆದ್ರೆ ನಾಳೆ ಹುಡುಕ್ತೀನಿ ಅನ್ಬೇಡಿ, ತಕ್ಷಣ ಹೇಳಿದ್ರೆ ಕಾರ್ಡ್ ಬ್ಲಾಕ್ ಮಾಡ್ತಾರೆ. ರೂಮಿಗೆ ಬೀಗ, ಎರಡೇ ನಿಮಿಷಕ್ಕೆ ಹೋದ್ರೂ, ನಿದ್ದೆ ಮಾಡುವಾಗ್ಲೂ. ರೂಮ್‌ಮೇಟ್ ಜೊತೆ ಇದನ್ನ ಮೊದಲನೇ ದಿನಾನೇ ಮಾತಾಡ್ಕೊಂಡ್ಬಿಡಿ.

ಫೋನಲ್ಲಿ ಕ್ಯಾಂಪಸ್ ಸೆಕ್ಯುರಿಟಿ ನಂಬರ್ ಸೇವ್ ಮಾಡಿ, ಆಪತ್ತಲ್ಲಿ ತಕ್ಷಣ ಸಹಾಯ ಕರೆಯೋಕೆ ಫೋನಲ್ಲಿರೋ ಎಮರ್ಜೆನ್ಸಿ ಎಸ್‌ಓಎಸ್ ಸೆಟ್ ಮಾಡಿ. *#06# ಒತ್ತಿದ್ರೆ ಐಎಂಇಐ ನಂಬರ್, ಅಂದ್ರೆ ಆ ಫೋನಿನ ಗುರುತಿನ ನಂಬರ್ ಬರುತ್ತೆ, ಅದನ್ನೂ ಲ್ಯಾಪ್‌ಟಾಪಿನ ಸೀರಿಯಲ್ ನಂಬರನ್ನೂ ಬೇರೆ ಕಡೆ ಬರೆದಿಡಿ, ಕಂಪ್ಲೇಂಟ್ ಕೊಡುವಾಗ ಬೇಕಾಗುತ್ತೆ. ರಾತ್ರಿ ಲೈಬ್ರರಿಯಿಂದ ಒಬ್ರೇ ಬರುವಾಗ ಬೆಳಕಿರೋ ದಾರೀಲೇ ಬನ್ನಿ, ಒಂದು ಕಿವಿನಾದ್ರೂ ಇಯರ್‌ಫೋನ್ ಇಲ್ದಂಗೆ ಇರ್ಲಿ. ಯಾರಾದ್ರೂ ಪದೇಪದೇ ಹಿಂದೆ ಬಿದ್ದು ಕಾಟ ಕೊಡ್ತಿದ್ರೆ ಮೆಸೇಜ್ ಡಿಲೀಟ್ ಮಾಡ್ಬೇಡಿ, ತಾರೀಖು ಟೈಮ್ ಸಮೇತ ಇಟ್ಕೊಂಡು ದೂರು ಕೊಡಿ, ತಪ್ಪು ನಿಮ್ದಲ್ಲ.

ಬೆಂಕಿ ವಿಷ್ಯಕ್ಕೂ ಬಾಗಿಲೇ ಮುಖ್ಯ. ಮುಚ್ಚಿದ ಬಾಗಿಲು ಹೊಗೆನ ತಡೆದು ಟೈಮ್ ಕೊಡುತ್ತೆ. ಅಲಾರಂ ಹೊಡೆದ್ರೆ ಕೈ ಹಿಂಭಾಗ ಬಾಗಿಲಿಗೆ ತಾಗ್ಸಿ ನೋಡಿ, ಬಿಸಿ ಇದ್ರೆ ತೆಗೀಬೇಡಿ, ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ ಕಿಟಕಿ ಹತ್ರ ಹೋಗಿ ಫೋನ್ ಮಾಡಿ. ತಣ್ಣಗಿದ್ರೆ ಬಗ್ಗಿಕೊಂಡು ಮೆಟ್ಟಿಲಲ್ಲೇ ಇಳೀರಿ, ಲಿಫ್ಟ್ ಬೇಡ, ಬರ್ತಾ ರೂಮ್ ಬಾಗಿಲು ಎಳ್ಕೊಂಡು ಬನ್ನಿ. ಫೋನ್ ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡೋದು ಇವತ್ತೇ ನಿಲ್ಲಿಸಿ.

ಇನ್ನೊಂದು, ರೂಮ್ ಸಿಕ್ಕ ದಿನಾನೇ ನಿಮ್ಮ ಬಾಗಿಲಿಂದ ಮೆಟ್ಟಿಲಿನವರೆಗೆ ಗೋಡೆ ಸವರ್ಕೊಂಡು ನಡೆದು ಎಷ್ಟು ಬಾಗಿಲು ಬರುತ್ತೆ ಎಣಿಸಿ. ಹೊಗೆ ತುಂಬಿದ್ರೆ ಬೋರ್ಡ್ ಕಾಣಲ್ಲ, ಆ ಲೆಕ್ಕಾನೇ ನಿಮ್ಮನ್ನ ಮೆಟ್ಟಿಲಿಗೆ ಮುಟ್ಟಿಸೋದು.