ಎಲ್‌ಎಸ್‌ಟಿಎಂ ಬದಿಗಿಟ್ಟ ಮೇಲೆ ಮಂಗಳೂರಿನ ಗಾಳಿ ಲೆಕ್ಕಕ್ಕೆ ಸಿಕ್ಕಿತು

ಮಂಗಳೂರಿನ ನಾಳೆಯ ಪಿಎಂ 2.5 (ಗಾಳಿಯಲ್ಲಿನ ಅತಿಸಣ್ಣ ಕಣ) ಅಂದಾಜಿಗೆ ಎಕ್ಸ್‌ಜಿಬೂಸ್ಟ್ ಎಂಬ, ಹಳೆ ಅಂಕಿಗಳಿಂದ ಕಲಿಯುವ ಹಗುರ ಮಾಡೆಲ್ ಸಾಕು ಎಂದಾಗ ನಮ್ಮ ಗುಂಪಿನಲ್ಲಿ ನಕ್ಕವರೇ ಜಾಸ್ತಿ. "ಎಂತ ಮಾರಾಯ, ಡೀಪ್ ಲರ್ನಿಂಗ್ ಇಲ್ಲದೆ ಈಗ ಯಾರು ಕೇಳ್ತಾರೆ?" ಎಂದರು. ಒಂದು ಇಡೀ ಚಳಿಗಾಲ ಎಲ್‌ಎಸ್‌ಟಿಎಂ ಎಂಬ ಡೀಪ್ ಲರ್ನಿಂಗ್ ಮಾಡೆಲೂ ಸೇರಿ ನಾಲ್ಕು ಮಾಡೆಲ್ ಒಟ್ಟಿಗೆ ಓಡಿಸಿದೆ. ಈಗ ಅವರೇ ಕೋಡ್ ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ವಿಷಯ. ಪ್ಲಾಂಟವರ್ ಪಿಎಂಎಸ್5003 ಎಂಬ ಕಣ ಅಳೆಯುವ ಸೆನ್ಸರ್, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ತೇವಾಂಶದ ಸೆನ್ಸರ್, ಡಬ್ಬಿ ಎಲ್ಲ ಸೇರಿ ಒಂದಕ್ಕೆ ಮೂರೂವರೆ ಸಾವಿರ ಆಗಿರಬೇಕು. ಕದ್ರಿ, ಬೈಕಂಪಾಡಿ, ಸುರತ್ಕಲ್ ಕಡೆ ಇಟ್ಟೆ. ಸುರತ್ಕಲ್‌ನದು ಕಡಲಿಗೆ ತೀರಾ ಹತ್ತಿರ. ಒಂದೇ ಮಳೆಗಾಲಕ್ಕೆ ಪಿನ್ನುಗಳೆಲ್ಲ ಹಸಿರಾಗಿ ಫ್ಯಾನ್ ನಿಂತುಹೋಯಿತು. ಇನ್ನೊಂದರೊಳಗೆ ಇರುವೆ ಗೂಡು ಕಟ್ಟಿತ್ತು. ಈಗ ಪಿವಿಸಿ ಎಲ್ಬೋ ಬಾಯಿ ಕೆಳಗೆ ಮಾಡಿ, ಬಲೆ ಹಾಕಿ ಕೂರಿಸುತ್ತೇನೆ. ಇದಕ್ಕಿಂತ ಹೊಟ್ಟೆ ಉರಿದದ್ದು ಬಾಡಿಗೆ ಜಿಪಿಯು (ಭಾರೀ ಲೆಕ್ಕ ಮಾಡುವ ಚಿಪ್). ಎಲ್‌ಎಸ್‌ಟಿಎಂ ಕಲಿಸಲಿಕ್ಕೆಂದೇ ಆರೇಳು ಸಾವಿರ ಹೋಯಿತು. ಎಕ್ಸ್‌ಜಿಬೂಸ್ಟ್ ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ಚಹಾ ಆರುವ ಮೊದಲು ಮುಗಿಯುತ್ತದೆ.

ಆ ಕಣ ಅಳೆಯುವ ಸೆನ್ಸರಿನಲ್ಲಿ ಗಾಳಿ ಒಣಗಿಸುವ ಹೀಟರ್ ಇಲ್ಲ. ನೀರು ಹೀರಿ ಉಬ್ಬಿದ ಕಣವೂ ಅದಕ್ಕೆ ದೊಡ್ಡ ಕಣವೇ. ನಮ್ಮೂರ ಮುಂಜಾನೆಯ ತೇವಾಂಶ ಗೊತ್ತಲ್ವಾ? ಅದನ್ನು ತಿದ್ದದೆ ಕಲಿಸಿದರೆ ಮಾಡೆಲ್ ಇಬ್ಬನಿಯನ್ನೇ ಕಲಿಯುತ್ತದೆ. ಪರಿಚಯದವರ ಒಳ್ಳೆಯ ಯಂತ್ರವೊಂದರ ಪಕ್ಕ ಕೆಲವು ವಾರ ಇಟ್ಟು ತಿದ್ದುವ ಸೂತ್ರ ಹೊಂದಿಸಿಕೊಂಡೆ. ಸೂತ್ರ ಮಾತ್ರ ಕೇಳಬೇಡಿ.

ಎಲ್‌ಎಸ್‌ಟಿಎಂ ಮೊದಲು ತೋರಿಸಿದ ಆರ್-ಸ್ಕ್ವೇರ್ (1 ಆದರೆ ಅಂದಾಜು ಪೂರ್ತಿ ಸರಿ) 0.9ರ ಆಸುಪಾಸು. ಗೆಳೆಯರು ಕುಣಿದರು. ಆದರೆ ಅವರು ಗಂಟೆಗಳನ್ನು ಇಸ್ಪೀಟು ಎಲೆಯಂತೆ ಕಲಸಿ ಕಲಿಕೆಗೆ, ಪರೀಕ್ಷೆಗೆ ಎಂದು ಎರಡು ಪಾಲು ಮಾಡಿದ್ದರು. ಏಳು ಗಂಟೆಯದ್ದೂ ಒಂಬತ್ತರದ್ದೂ ಕೈಯಲ್ಲಿದ್ದರೆ ಎಂಟು ಗಂಟೆಯದ್ದನ್ನು ಯಾರು ಬೇಕಾದರೂ ಹೇಳುತ್ತಾರೆ. ಡಿಸೆಂಬರ್, ಜನವರಿ ಕಲಿಸಿ ಫೆಬ್ರವರಿಯನ್ನು ಪರೀಕ್ಷೆಗೆ ಇಟ್ಟೆ. ಕುಣಿತ ನಿಂತಿತು. 'ನಾಳೆಯೂ ಇವತ್ತಿನಂತೆಯೇ' ಎಂದು ಸುಮ್ನೆ ಹೇಳುವ ಲೆಕ್ಕಕ್ಕೆ ಸರಾಸರಿ ಘನ ಮೀಟರಿಗೆ 11 ಮೈಕ್ರೋಗ್ರಾಂ ತಪ್ಪು ಬಂದರೆ ಎಲ್‌ಎಸ್‌ಟಿಎಂಗೆ ಹತ್ತು ಚಿಲ್ಲರೆ. ಒಂದು ಚಳಿಗಾಲ ಅಂದರೆ ಜಾಗಕ್ಕೆ ಎರಡು ಸಾವಿರ ಚಿಲ್ಲರೆ ಗಂಟೆ, ಅಷ್ಟೇ. ಎಲ್‌ಎಸ್‌ಟಿಎಂ ಕಲಿಯಲಿಕ್ಕೆ ಅಷ್ಟು ಸಾಲುವುದಿಲ್ಲ.

ಯುರೋಪಿನ ಕ್ಯಾಮ್ಸ್ ಎಂಬ ಸೇವೆಯ ಗಾಳಿ ಗುಣಮಟ್ಟದ ಮುನ್ಸೂಚನೆ ಪುಕ್ಕಟೆ ಸಿಗುತ್ತದೆ. ಆದರೆ ಅದರ ಒಂದು ಚೌಕ ಸುಮಾರು 40 ಕಿಲೋಮೀಟರ್. ನಮ್ಮ ಕರಾವಳಿಯಲ್ಲಿ ಒಂದೇ ಚೌಕದೊಳಗೆ ಕಡಲು, ಊರು, ತೋಟ ಎಲ್ಲ ಬರುತ್ತವೆ. ಒಳನಾಡಿನಿಂದ ಬರುವ ಮಬ್ಬನ್ನು ಚೆನ್ನಾಗಿ ಹಿಡಿಯಿತು, ಬೆಳಗಿನ ಏರಿಕೆಯನ್ನು ಬಿಟ್ಟಿತು. ಹಾಗಾಗಿ ಅದರ ಅಂಕಿಯನ್ನೇ ಎಕ್ಸ್‌ಜಿಬೂಸ್ಟ್‌ಗೆ ಒಂದು ಇನ್‌ಪುಟ್ ಮಾಡಿದೆ.

ನಿಜವಾದ ಗೆಲುವು ಕಡಲ ಗಾಳಿಯದ್ದು. ರಾತ್ರಿ ನೆಲದ ಕಡೆಯಿಂದ ಗಾಳಿ ಮೆಲ್ಲಗೆ ಬೀಸುತ್ತದೆ, ಹೊಗೆ ಕೆಳಗೇ ಕೂರುತ್ತದೆ. ಹಗಲು ಕಡಲ ಗಾಳಿ ತಿರುಗಿದ ಮೇಲೆ ಪಿಎಂ 2.5 ಅಂಕಿ ಇಳಿಯುತ್ತದೆ. ಗಾಳಿಯ ದಿಕ್ಕನ್ನು ಡಿಗ್ರಿಯಲ್ಲಿ ಕೊಡದೆ ದಡಕ್ಕೆ ಅಡ್ಡ, ದಡದ ಉದ್ದಕ್ಕೆ ಎಂದು ಒಡೆದು ಕೊಟ್ಟೆ. ಜೊತೆಗೆ ಗಾಳಿ ತಿರುಗುವ ಗಂಟೆ. ಆ ಗಂಟೆಯನ್ನು ಹಿಂದಿನ ರಾತ್ರಿಯೇ ಹೇಗೆ ಹಿಡಿಯುತ್ತೇನೆ ಎನ್ನುವುದು ನನ್ನ ಜೇಬಿನಲ್ಲೇ ಇರಲಿ. ಎಕ್ಸ್‌ಜಿಬೂಸ್ಟ್‌ನ ತಪ್ಪು ಏಳರ ಹತ್ತಿರಕ್ಕೆ ಇಳಿಯಿತು. ಒಂದು ಮಾತು: ಹವಾಮಾನಕ್ಕೆ ಇಆರ್‌ಎ5 (ಆಗಿಹೋದ ಹವಾಮಾನದ ಲೆಕ್ಕ) ಹಾಕಿ ಗೆದ್ದೆ ಎನ್ನಬೇಡಿ. ಅದು ಕೈಗೆ ಬರುವುದೇ ಐದು ದಿನ ತಡವಾಗಿ. ಮುನ್ಸೂಚನೆಯ ಅಂಕಿಯಲ್ಲೇ ಪರೀಕ್ಷಿಸಬೇಕು.

ನಡುವೆ ಒಂದು ಸೆನ್ಸರನ್ನು ಮನೆಯ ಬಚ್ಚಲ ಒಲೆಯ ಹಿಂದೆ ಇಟ್ಟು ನೋಡಿದೆ. ತೆಂಗಿನ ಸಿಪ್ಪೆಗೆ ಬೆಂಕಿ ಹಿಡಿದ ಕೂಡಲೇ ಅಂಕಿ ನಾಲ್ಕುನೂರು ದಾಟಿತು. ಅಮ್ಮನಿಗೆ ತೋರಿಸಿದರೆ, "ಹಾಗಾದರೆ ನಾಳೆಯಿಂದ ತಣ್ಣೀರು ಮೀಯಿ" ಎಂದರು.

ಗಡಿ ದಾಟುತ್ತದೋ ಇಲ್ಲವೋ ಎಂಬ ಪರೀಕ್ಷೆಯನ್ನು ನಮ್ಮ ದೇಶದ ದಿನದ ಮಿತಿ 60ರಲ್ಲೇ ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ 15 ಇಟ್ಟರೆ ನನ್ನ ಚಳಿಗಾಲದ ದಿನಗಳು ಹೆಚ್ಚುಕಮ್ಮಿ ಎಲ್ಲವೂ ದಾಟುತ್ತವೆ. ಆಗ ಕಣ್ಣು ಮುಚ್ಚಿ 'ಹೌದು' ಎನ್ನುವ ಮಾಡೆಲ್‌ಗೂ ಫಸ್ಟ್ ಕ್ಲಾಸ್.

ಮಣಿಪಾಲದ ಗೆಳೆಯನೊಬ್ಬ ಇದನ್ನೇ ಇದ್ದ ಹಾಗೆ ಓಡಿಸುತ್ತೇನೆ ಎನ್ನುತ್ತಿದ್ದಾನೆ. ಬೇಡ ಎಂದೆ. ಅದು ಕಡಲಿನಿಂದ ಒಳಗೆ, ಗುಡ್ಡದ ಮೇಲೆ. ಗಾಳಿ ತಿರುಗುವ ಹೊತ್ತೇ ಬೇರೆ. ಅಲ್ಲಿಯದೇ ಒಂದು ಚಳಿಗಾಲ ಅಳೆಯಲಿ, ಆಮೇಲೆ ಕೋಡ್ ಕೊಡುತ್ತೇನೆ.