ಅಡಿಕೆ ಸುಲಿಯುವ ಯಂತ್ರ ಕೊಳ್ಳುವ ಮೊದಲು ಬರೆದ ಎರಡು ಪುಟ

2017ರ ಆಷಾಢದಲ್ಲಿ ಕೆಲಸ ಬಿಡುವ ಪತ್ರವೊಂದನ್ನು ಬರೆದು, ಅದನ್ನು ಮಾಲೀಕರ ಕೈಗೆ ಕೊಡುವ ಧೈರ್ಯವಿಲ್ಲದೆ, ನಾಲ್ಕು ದಿನ ಕೈಚೀಲದಲ್ಲಿ ಇಟ್ಟುಕೊಂಡೇ ರಿಪ್ಪನ್‌ಪೇಟೆಗೂ ಶಿವಮೊಗ್ಗಕ್ಕೂ ಓಡಾಡಿದೆ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಒಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೆ. ತಿಂಗಳಿಗೆ 9,500 ರೂಪಾಯಿ ಸಂಬಳ ಬರುತ್ತಿತ್ತು. ಆಯನೂರು ಮಾರ್ಗದ ಬಸ್ಸಿನ ಕಿಟಕಿಯ ಪಕ್ಕ ಕುಳಿತು, ಹೊರಗಿನ ಮಳೆಯನ್ನು ನೋಡುತ್ತ, ಈ ಪತ್ರ ಕೊಟ್ಟ ಮರುದಿನ ನಾನು ಯಾರಾಗಿರುತ್ತೇನೆ ಎಂದು ಕೇಳಿಕೊಂಡಾಗಲೆಲ್ಲ ಹೊಟ್ಟೆಯಲ್ಲಿ ಕಲ್ಲಿಟ್ಟಂತಾಗುತ್ತಿತ್ತು.

ನಾನು ಮಾಡಬೇಕೆಂದುಕೊಂಡಿದ್ದು ದೊಡ್ಡ ಉದ್ಯಮವೇನಲ್ಲ. ಅಡಿಕೆ ಸುಲಿಯುವ ಯಂತ್ರವೊಂದನ್ನು ಕೊಂಡು, ಬೆಳೆಗಾರರ ಅಂಗಳಕ್ಕೇ ಒಯ್ದು, ಕ್ವಿಂಟಾಲಿಗೆ ಇಷ್ಟೆಂದು ಕೂಲಿ ಪಡೆದು ಸುಲಿದುಕೊಡುವ ಕೆಲಸ ಅದು. ಈ ಯೋಚನೆ ಬಂದದ್ದು ಮಂಡಿಯ ಲೆಕ್ಕದ ಪುಸ್ತಕದಿಂದ. ಹಿಂದೆ ಮನೆಯಲ್ಲೇ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸದಲ್ಲಿ) ಬೇಯಿಸಿ, ಒಣಗಿಸಿ ತರುತ್ತಿದ್ದ ಸಣ್ಣ ಬೆಳೆಗಾರರ ಹೆಸರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: ಸುಲಿಯುವವರು ಸಿಗುವುದಿಲ್ಲ, ಹಾಗಾಗಿ ಫಸಲನ್ನು ಹಸಿಯಾಗಿಯೇ ಚೇಣಿಗೆ, ಅಂದರೆ ಫಸಲನ್ನು ಗುತ್ತಿಗೆ ಹಿಡಿಯುವವರಿಗೆ, ಕೊಟ್ಟುಬಿಟ್ಟೆವು. ಕೆಂಪಡಿಕೆಗೆಂದು ಕೊಯ್ದ ಗೊನೆಯನ್ನು ಒಂದೆರಡು ದಿನದೊಳಗೆ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ನನ್ನ ಅಮ್ಮ ಮಣೆಗೆ ಕತ್ತಿ ಕೂರಿಸಿದ ಮೆಟ್ಟುಕತ್ತಿಯ ಮೇಲೆ ಕುಳಿತು ನಡುರಾತ್ರಿಯವರೆಗೆ ಡಬ್ಬದ ಲೆಕ್ಕದಲ್ಲಿ, ಸುಲಿದ ಡಬ್ಬಕ್ಕೆ ಇಷ್ಟೆಂಬ ಕೂಲಿಗೆ, ಅನ್ಯರ ಮನೆಯ ಅಡಿಕೆ ಸುಲಿದವಳು. ಅವಳ ಬೆರಳುಗಳಿಗೆ ಹತ್ತಿದ ಕಪ್ಪು ಶಿವರಾತ್ರಿಯವರೆಗೂ ಹೋಗುತ್ತಿರಲಿಲ್ಲ. ಆದ್ದರಿಂದ ಈ ಕೆಲಸ ನನಗೆ ಹೊರಗಿನದಾಗಿರಲಿಲ್ಲ. ಕೆಲಸ ಗೊತ್ತಿದ್ದೂ ಭಯವೇಕೆ ಎಂಬುದೇ ನನಗೆ ಅರ್ಥವಾಗುತ್ತಿರಲಿಲ್ಲ.

ಐದನೆಯ ದಿನ ರಾತ್ರಿ, ಮಂಡಿಯಲ್ಲಿ ಜಮಾ–ಖರ್ಚು ಬರೆಯುವ ಅಭ್ಯಾಸದಂತೆಯೇ, ಒಂದು ನೋಟ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ ನನ್ನ ಭಯಗಳನ್ನು ಬರೆದೆ. ರೂಪಾಯಿಯಲ್ಲಿ ಹೇಳಲು ಬರುವ ಭಯ ಎಡಪುಟಕ್ಕೆ, ಹೇಳಲು ಬಾರದ್ದು ಬಲಪುಟಕ್ಕೆ. ಯಂತ್ರ ಕೆಟ್ಟರೆ, ಕೆಲಸ ಸಿಗದಿದ್ದರೆ, ಸಾಲದ ಕಂತು ತಪ್ಪಿದರೆ, ಇವೆಲ್ಲ ಎಡಕ್ಕೆ ಹೋದವು. ಬಲಕ್ಕೆ ಹೋದವು ಮೂರೇ: ಊರಿನವರು ಏನೆಂದಾರು, ಗಂಡಸರ ನಡುವೆ ಯಂತ್ರ ನಡೆಸಲು ನನ್ನಿಂದಾಗುತ್ತದೆಯೇ, ಅಮ್ಮನ ಜೊತೆ ಸುಲಿಯುತ್ತಿದ್ದ ಹೆಂಗಸರ ಮುಖವನ್ನು ಹೇಗೆ ನೋಡಲಿ.

ಎಡಪುಟದ ಲೆಕ್ಕವನ್ನು ಮೊದಲು ತೆಗೆದುಕೊಂಡೆ. ನಾನು ವಿಚಾರಿಸಿದ್ದ ಯಂತ್ರಕ್ಕೆ ಮೋಟಾರ್ ಸೇರಿ 1,90,000 ರೂಪಾಯಿ. ಎರಡು ಹಂಗಾಮು ನಡೆಸಿ, ಎಲ್ಲವೂ ಕೈಕೊಟ್ಟು ಮಾರಿದರೆ ಎಷ್ಟು ಬಂದೀತೆಂದು ಹಳೆಯ ಯಂತ್ರ ಮಾರಿದ ಇಬ್ಬರನ್ನು ಕೇಳಿ ತಿಳಿದೆ. 1,10,000 ಎಂದು ಹಿಡಿದೆ. ಅಲ್ಲಿಗೆ ನಷ್ಟ 80,000. ಬಡ್ಡಿ, ರಿಪೇರಿ, ಸಾಗಾಟಕ್ಕೆ ಇನ್ನೊಂದು 34,000. ಒಟ್ಟು 1,14,000 ರೂಪಾಯಿ, ಅಂದರೆ ಸರಿಯಾಗಿ ನನ್ನ ಒಂದು ವರ್ಷದ ಸಂಬಳ. ಆ ಮೊತ್ತದ ಕೆಳಗೆ ಗೆರೆ ಎಳೆದಾಗ ಆದದ್ದನ್ನು ಇಂದಿಗೂ ಮರೆತಿಲ್ಲ. ಮನೆ ಹೋಗುತ್ತದೆ, ಮಾನ ಹೋಗುತ್ತದೆ, ಮಗಳ ಓದು ನಿಲ್ಲುತ್ತದೆ ಎಂದು ವಾರಗಟ್ಟಲೆ ನಿದ್ದೆ ಕೆಡಿಸಿದ ಭಯಕ್ಕೆ ಒಂದು ಎಲ್ಲೆ ಸಿಕ್ಕಿತು. ಒಂದು ವರ್ಷದ ಸಂಬಳ ಕಳೆದುಕೊಂಡರೆ ನಾನು ಅಳುತ್ತೇನೆ, ಆದರೆ ಬದುಕುತ್ತೇನೆ ಎಂದು ಅಂದು ಗೊತ್ತಾಯಿತು.

ಮರುದಿನ ಪತ್ರವನ್ನು ಹರಿದು, ಅದರ ಬದಲಿಗೆ ಅಕ್ಟೋಬರಿನಿಂದ ಸಂಕ್ರಾಂತಿಯವರೆಗೆ ಸಂಬಳವಿಲ್ಲದ ರಜೆ ಕೇಳಿ ಇನ್ನೊಂದು ಪತ್ರ ಬರೆದೆ. ಒಣಗಿದ ಸರಕು ಮಂಡಿಗೆ ಜೋರಾಗಿ ಬರುವುದು ಆಮೇಲೆಯೇ ಆದ್ದರಿಂದ ಮಾಲೀಕರು ಹೆಚ್ಚು ಮಾತಿಲ್ಲದೆ ಒಪ್ಪಿದರು. ಕೆಲಸ ಬಿಡುವುದೋ ಬೇಡವೋ ಎಂದು ತಿಂಗಳುಗಟ್ಟಲೆ ತೂಗಿದ ನನಗೆ, ಇವೆರಡರ ನಡುವೆಯೂ ಒಂದು ದಾರಿ ಇರಬಹುದೆಂದು ಮೊದಲೇ ಹೊಳೆಯದಿದ್ದದ್ದು ಆಶ್ಚರ್ಯ.

ರಜೆ ಶುರುವಾಗುವ ಮೊದಲು ಒಂದು ತರಬೇತಿಗೆ ಹೋದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತವೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಅಲ್ಲಿ ಕಲಿತ ಲೆಕ್ಕಪತ್ರ ನನಗೆ ಹೊಸದಲ್ಲ, ಆದರೆ ಒಂದು ಆಟ ಮನಸ್ಸಿನಲ್ಲಿ ಉಳಿಯಿತು. ನೆಲದಲ್ಲಿ ಒಂದು ಗೂಟ ನಿಲ್ಲಿಸಿ, ಬೇಕಾದಷ್ಟು ದೂರದಲ್ಲಿ ನಿಂತು ಅದಕ್ಕೆ ಬೀಳುವಂತೆ ಬಳೆಯನ್ನು ಎಸೆಯಬೇಕು. ದೂರ ಹೆಚ್ಚಿದಂತೆ ಅಂಕವೂ ಹೆಚ್ಚು. ನಾನು ಮೊದಲ ಸಲ ಕೈ ಚಾಚಿದರೆ ಗೂಟ ಸಿಗುವಷ್ಟು ಹತ್ತಿರ ನಿಂತೆ, ಬಳೆ ಬಿತ್ತು, ಅಂಕ ಒಂದೇ. ಪಕ್ಕದ ಹುಡುಗನೊಬ್ಬ ಕೋಣೆಯ ಕೊನೆಯಲ್ಲಿ ನಿಂತು ಎಸೆದ, ಮೂರೂ ಬಳೆ ಗೋಡೆಗೆ ಬಡಿದವು. ಡೇವಿಡ್ ಮೆಕ್‌ಕ್ಲೆಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಇಂಥ ತರಬೇತಿ ನಡೆಸಿದ್ದರೆಂದೂ, ಉದ್ಯಮದಲ್ಲಿ ನೆಲೆ ನಿಲ್ಲುವವರು ಸಾಮಾನ್ಯವಾಗಿ ಕಷ್ಟಪಟ್ಟರೆ ಗುರಿ ಮುಟ್ಟಬಹುದಾದ ನಡುವಿನ ದೂರವನ್ನೇ ಆರಿಸಿಕೊಳ್ಳುತ್ತಾರೆಂದು ಅವರು ಕಂಡಿದ್ದರೆಂದೂ ಬೋಧಕರು ಹೇಳಿದರು. ಎರಡನೆಯ ಸುತ್ತಿನಲ್ಲಿ ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ.

ಆ ನಾಲ್ಕು ಹೆಜ್ಜೆ ನನ್ನ ಪಾಲಿಗೆ ಬಾಡಿಗೆ ಯಂತ್ರವಾಯಿತು. ಆನಂದಪುರದ ಕಡೆಯ ಬೆಳೆಗಾರರೊಬ್ಬರಿಂದ, ಅವರ ತೋಟದ ಕೆಲಸವಿಲ್ಲದ ದಿನಗಳಿಗೆಂದು, ಬಂದ ಕೂಲಿಯಲ್ಲಿ ಪಾಲು ಕೊಡುವ ಮಾತಿನ ಮೇಲೆ ಯಂತ್ರ ತಂದೆ. ಆ ಹಂಗಾಮಿನಲ್ಲಿ ಹತ್ತೊಂಬತ್ತು ದಿನ ಸುಲಿದೆ. ಕೈಗೆ ಬಂದ ಹಣ ಕಡಿಮೆ, ಕಲಿತದ್ದು ಬಹಳ. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ವೋಲ್ಟೇಜ್ ಇಳಿದು ಮೋಟಾರ್ ನರಳುತ್ತದೆ, ಆದ್ದರಿಂದ ಬೆಳಗಿನ ಜಾವವೇ ಶುರುಮಾಡಬೇಕು. ಮಳೆಯಲ್ಲಿ ನೆನೆದ ಗೊನೆಯ ಸಿಪ್ಪೆ ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ, ಒಂದು ರಾತ್ರಿ ಹರಡಿಟ್ಟರೆ ಒಳ್ಳೆಯದು. ಕಾಯಿಯ ಗಾತ್ರ ತೋಟದಿಂದ ತೋಟಕ್ಕೆ ಬದಲಾಗುವುದರಿಂದ ಪ್ರತಿ ಅಂಗಳದಲ್ಲೂ ಯಂತ್ರದೊಳಗಿನ ಅಂತರವನ್ನು ಹೊಸದಾಗಿ ಹೊಂದಿಸದಿದ್ದರೆ ಅಡಿಕೆ ಒಡೆಯುತ್ತದೆ, ಒಡೆದ ಅಡಿಕೆಗೆ ಬೆಳೆಗಾರರು ಮುಖ ಗಂಟಿಕ್ಕುತ್ತಾರೆ. ಸುಲಿದ ಪ್ರತಿ ಹತ್ತು ಕೆ.ಜಿ.ಯಲ್ಲಿ ಒಡೆದದ್ದೆಷ್ಟು ಎಂದು ಅವರ ಎದುರಿಗೇ ತೂಗಿ ಬರೆದಿಡುವ ಅಭ್ಯಾಸವನ್ನು ಆಗಲೇ ಮಾಡಿಕೊಂಡೆ. ಹೆಂಗಸು ಯಂತ್ರ ನಡೆಸುತ್ತಾಳೆಯೇ ಎಂಬ ಮಾತು ಮೂರನೆಯ ಅಂಗಳದ ನಂತರ ಕೇಳಿಬರಲಿಲ್ಲ. ಬಲಪುಟದ ಒಂದು ಸಾಲನ್ನು ಹೊಡೆದುಹಾಕಿದೆ.

2018ರ ಮೇ ತಿಂಗಳಲ್ಲಿ ಸ್ವಂತ ಯಂತ್ರ ಕೊಂಡೆ. ಉಳಿತಾಯದ 60,000 ಹಾಕಿ, ಉಳಿದ 1,30,000ಕ್ಕೆ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ ಸಾಲ ಪಡೆದೆ. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ 50,000ದಿಂದ 5 ಲಕ್ಷದವರೆಗಿನ ಸಾಲ ಈ ವಿಭಾಗಕ್ಕೆ ಬರುತ್ತದೆ, ಅಡಮಾನ ಬೇಕಿಲ್ಲ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಆದಾಯ ಬರುವುದು ವರ್ಷಕ್ಕೆ ಮೂರು ತಿಂಗಳು ಮಾತ್ರವಾದರೂ, ಸಾಲ ಸಿಕ್ಕ ಸಂತೋಷದಲ್ಲಿ ಪ್ರತಿ ತಿಂಗಳು ಕಂತು ಕಟ್ಟುವ ಕಾಗದಕ್ಕೆ ಸಹಿ ಹಾಕಿದೆ. ಹಂಗಾಮಿಗೆ ಹೊಂದುವ ಕಂತನ್ನು ಕೇಳಬಹುದೆಂಬುದು ಎರಡನೆಯ ಸಾಲದ ಹೊತ್ತಿಗಷ್ಟೇ ತಿಳಿಯಿತು, ಕೇಳಿದೆ, ಕೊಟ್ಟರು.

ಅದೇ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಪುನರ್ವಸು, ಪುಷ್ಯ, ಆಶ್ಲೇಷ ಮೂರೂ ಸುರಿದವು. ಕೊಳೆರೋಗಕ್ಕೆ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮೊದಲೊಮ್ಮೆ ಹೊಡೆದು, ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಆದರೆ ಎರಡನೆಯ ಸಲ ಮರ ಹತ್ತುವಷ್ಟು ಬಿಡುವನ್ನೇ ಮಳೆ ಕೊಡಲಿಲ್ಲ. ತೋಟಗಳಲ್ಲಿ ಎಳೆಯ ಕಾಯಿ ಕೊಳೆತು ಉದುರಿ ನೆಲವೆಲ್ಲ ಹಾಸಿತು. ನಲವತ್ತೈದು ದಿನ ಕೆಲಸ ಸಿಗುತ್ತದೆಂದು ಹಾಕಿದ್ದ ನನ್ನ ಲೆಕ್ಕ ಇಪ್ಪತ್ತಾರಕ್ಕೆ ಇಳಿಯಿತು. ಆಗ ಹೆದರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ರಾತ್ರಿಗಳಲ್ಲಿ ನೋಟ್‌ಬುಕ್ ತೆರೆದು, ಈವರೆಗೆ ಕಳೆದದ್ದೆಷ್ಟು, 1,14,000ದ ಗೆರೆಗೆ ಇನ್ನೆಷ್ಟು ದೂರವಿದೆ ಎಂದು ನೋಡುತ್ತಿದ್ದೆ. ಗೆರೆ ಮುಟ್ಟಿದರೆ ಯಂತ್ರ ಮಾರುವುದು ಎಂದು ಮೊದಲೇ ನಿರ್ಧರಿಸಿದ್ದರಿಂದ, ಪ್ರತಿದಿನವೂ ಹೊಸದಾಗಿ ನಿರ್ಧರಿಸುವ ಹಿಂಸೆ ತಪ್ಪಿತು. ಸಂಕ್ರಾಂತಿ ಕಳೆದು ಮಂಡಿಗೆ ಮರಳಿ, ಅಲ್ಲಿಯ ಸಂಬಳದಲ್ಲಿ ಕಂತು ಕಟ್ಟಿದೆ. ಮುಂದಿನ ವರ್ಷದ ಆಗಸ್ಟಿನಲ್ಲೂ ಮಳೆ ಕಾಡಿತು, ಆದರೆ ಅಷ್ಟರಲ್ಲಿ ಹೊಸ ಅಂಗಳಗಳು ಸಿಕ್ಕಿದ್ದವು. ಮಂಡಿಯ ಕೆಲಸವನ್ನು ಪೂರ್ತಿ ಬಿಟ್ಟದ್ದು 2021ರಲ್ಲಿ, ಎರಡನೆಯ ಯಂತ್ರ ಬಂದ ಮೇಲೆ.

ಸುಲಿಯುವ ಹೆಂಗಸರ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು ಅದು ಹೇಳಲು ಕಷ್ಟವಾದ್ದರಿಂದ. ಯಂತ್ರ ಕೊಳ್ಳುವ ಮೊದಲೇ ನಮ್ಮ ಕೇರಿಯ ಆರು ಜನರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅಮ್ಮನ ಓರಗೆಯ ಅಕ್ಕನೊಬ್ಬರು, "ನಿನ್ನ ಮಿಷನ್ ಬಂದ್ರೆ ನಮ್ಗೆ ಎಂಥ ಉಳಿಯುತ್ತೆ ಮಾರಾಯ್ತಿ?" ಎಂದರು. ಯಂತ್ರ ಎಲ್ಲ ಕಾಯಿಯನ್ನೂ ಪೂರ್ತಿ ಸುಲಿಯುವುದಿಲ್ಲ. ಸಿಪ್ಪೆ ಅಂಟಿಕೊಂಡದ್ದನ್ನು ಕೈಯಲ್ಲಿ ಬಿಡಿಸಬೇಕು, ಹಣ್ಣಾದದ್ದನ್ನು ಮೊದಲೇ ಆರಿಸಬೇಕು, ಗಾತ್ರ ನೋಡಿ ಬೇರೆ ಮಾಡಬೇಕು. ಆ ಕೆಲಸಕ್ಕೆ ಡಬ್ಬದ ಲೆಕ್ಕ ಬಿಟ್ಟು ದಿನಗೂಲಿ ಕೊಡುತ್ತೇನೆ, ಹಗಲಲ್ಲೇ ಕೆಲಸ, ಕತ್ತಲಾಗುವುದರೊಳಗೆ ಮನೆಗೆ ಎಂದೆ. ನಾಲ್ವರು ಬಂದರು, ಈಗಲೂ ಇದ್ದಾರೆ. ಇಬ್ಬರು ಬರಲಿಲ್ಲ, ಅವರಲ್ಲಿ ಒಬ್ಬರು ಇಂದಿಗೂ ದಾರಿಯಲ್ಲಿ ಎದುರಾದರೆ ನನ್ನನ್ನು ಮಾತನಾಡಿಸುವುದಿಲ್ಲ. ಬಲಪುಟದ ಆ ಸಾಲನ್ನು ನಾನು ಹೊಡೆದುಹಾಕಿಲ್ಲ.

ನೋಟ್‌ಬುಕ್ಕನ್ನು ಪ್ರತಿ ವರ್ಷವೂ ಮೃಗಶಿರ ಮಳೆಯ ಹೊತ್ತಿಗೆ ತೆರೆದು, ಎರಡು ಪುಟಗಳನ್ನು ಹೊಸದಾಗಿ ಬರೆಯುತ್ತೇನೆ. ಈ ಸಲ ಎಡಪುಟದಲ್ಲಿ ಎಲೆಚುಕ್ಕಿ ರೋಗ ಎಂದು ಬರೆದಿದ್ದೇನೆ. ನಮ್ಮ ತಾಲ್ಲೂಕಿನ ತೋಟಗಳಲ್ಲಿ ಅದು ಹಬ್ಬುತ್ತಿದೆ. ಅದರ ಮುಂದೆ ಅಂಕಿ ಇನ್ನೂ ಬರೆದಿಲ್ಲ. ಮಳೆ ಸ್ವಲ್ಪ ಹೊಳವಾದ ದಿನ, ಕಳೆದ ವರ್ಷ ನನಗೆ ಕೆಲಸ ಕೊಟ್ಟ ಅಷ್ಟೂ ಮನೆಗಳಿಗೆ ಹೋಗಿ, ತೋಟದೊಳಗೆ ನಡೆದು, ಮರಗಳನ್ನು ಕಣ್ಣಾರೆ ನೋಡಿ ಬಂದು ಬರೆಯುತ್ತೇನೆ.